ಆರತಿಯಾಗದೆ ನಿಲ್ಲದ ಜಾಗಟೆ

ಸ್ನೇಹಿತರೇ, ಇವತ್ತು ಸಂಜೆ ನಂಜನಗೂಡಿನ ಸಂಗೀತ ಕಛೇರಿಯಲ್ಲಿ ನಮ್ಮಪ್ಪ ಜಾಗಟೆ ಬಾರಿಸಿದರು. ಮೈಸೂರಿನಿಂದ ಬಂದ ದೊಡ್ಡ ವಾದ್ಯವೃಂದ, ಮೂವತ್ತು ಪಿಟೀಲು, ವೀಣೆ, ಕೊಳಲು ಎಲ್ಲ ಇತ್ತು. ಶಿವನ ಸಂಜೆಯ ಪೂಜೆಯನ್ನೇ ಸಂಗೀತ ಮಾಡಿದ್ದರು. ಜಾಗಟೆಯನ್ನು ಮಾತ್ರ ಮರೆತು ಬಂದಿದ್ದರು! ಬಿಳಿಗೆರೆಯ ಮಠದಲ್ಲಿ ದಿನಾ ಮಂಗಳಾರತಿಗೆ ಜಾಗಟೆ ಬಾರಿಸುವ ಅಪ್ಪನನ್ನು ಯಾರೋ ಕರೆತಂದು ವೇದಿಕೆ ಹತ್ತಿಸಿದರು.

"ಯಜಮಾನ್ರೇ, ನನ್ನ ಕಡ್ಡಿ ಎದ್ದಾಗ ಶುರು ಮಾಡಿ, ಇಳಿದಾಗ ನಿಲ್ಸಿ" ಎಂದರು ಕೈಯಲ್ಲಿ ಸಣ್ಣ ಕಡ್ಡಿ ಹಿಡಿದು ಮೇಳ ನಡೆಸುವವರು.

"ಆಯ್ತು ಸಾ" ಎಂದರು ಅಪ್ಪ.

ಕೊನೆಯ ಭಾಗದಲ್ಲಿ ಕಡ್ಡಿ ಎದ್ದಿತು. ಅಪ್ಪ ಕಣ್ಣು ಮುಚ್ಚಿ ಬಾರಿಸತೊಡಗಿದರು. ಮೂವತ್ತು ಪಿಟೀಲುಗಳೂ ಅವರ ಕೈಯ ಹಿಂದೆಯೇ ಓಡಿದವು. ಸಭೆಗೆ ಸಭೆಯೇ ಎದ್ದು ಕೈ ಮುಗಿಯಿತು. ಕಡ್ಡಿ ಇಳಿಯಿತು, ಪಿಟೀಲು ನಿಂತವು. ಜಾಗಟೆ ನಿಲ್ಲಲಿಲ್ಲ.

"ಯಜಮಾನ್ರೇ, ಮುಗೀತು, ನಿಲ್ಸಿ!"

"ಅದೆಂಗ್ ಮುಗೀತದೆ ಸಾ? ಆರತಿನೇ ಆಗಿಲ್ವಲ್ಲ" ಎಂದರು ಅಪ್ಪ, ಬಾರಿಸುತ್ತಲೇ.

ಮುಂದಿನ ಸಾಲಿನ ಅಜ್ಜಿಯೊಬ್ಬರು ಚೀಲದಿಂದ ಕರ್ಪೂರ ತೆಗೆದುಕೊಟ್ಟರು. ಮೇಳ ನಡೆಸುವವರು ಒಂದು ಗಳಿಗೆ ಅಪ್ಪನನ್ನೇ ನೋಡಿದರು. ಆಮೇಲೆ ಕಡ್ಡಿ ಕೆಳಗಿಟ್ಟು, ವೇದಿಕೆಯ ದೀಪದಲ್ಲೇ ಕರ್ಪೂರ ಹಚ್ಚಿ, ಪಕ್ಕದಲ್ಲಿದ್ದ ನಂಜುಂಡೇಶ್ವರನ ಪಟಕ್ಕೆ ಬೆಳಗಿದರು. ಘಮ ಮೂಗಿಗೆ ಬಡಿದ ಮೇಲೆಯೇ ಅಪ್ಪ ಕಣ್ಣು ಬಿಟ್ಟು ಕೈ ನಿಲ್ಲಿಸಿದ್ದು. ಆಮೇಲೆ ಬಿದ್ದ ಚಪ್ಪಾಳೆ ಈಗಲೂ ಕಿವಿಯಲ್ಲಿದೆ.

ಸಂಗೀತ ಓದಿಕೊಂಡ ಅಷ್ಟೂ ಜನ ಆ ಕಡ್ಡಿಗೆ ಹೆದರುತ್ತಾರಂತೆ. ಅದನ್ನು ಹಿಡಿದ ಕೈಯಲ್ಲೇ ಆರತಿ ಎತ್ತಿಸಿದವರು ನಮ್ಮಪ್ಪ!