ಬ್ಯಾಟರಿ ಮಷಿನ್ ಸುಮ್ಮನಾದಾಗ

ಈಗ್ಗೆ ಎರಡು ವರ್ಷದ ಹಿಂದಿನ ಮಾತು. ಆಗ ನನಗೆ ಅರವತ್ತೆರಡು. ಹುನಗುಂದದಲ್ಲಿ ಮರ ಕಡಿಸುವ ಗುತ್ತಿಗೆ ಹಿಡಿದು ಇಪ್ಪತ್ತು ವರ್ಷವಾಗಿತ್ತು. ಮೊದಲು ನಮ್ಮ ಕುರಿಗಳಿಗೆ ಸೊಪ್ಪು ಕಡಿಯುವ ಕೊಡಲಿ, ಆಮೇಲೆ ಮರ ಕೊಯ್ಯುವ ಪೆಟ್ರೋಲ್ ಮಷಿನ್, ಆ ವರ್ಷ ಬ್ಯಾಟರಿ ಮಷಿನ್.

ಎರಡರ ಗುಣ ಹೇಳಿಬಿಡುತ್ತೇನೆ. ಪೆಟ್ರೋಲಿನದಕ್ಕೆ ಆಯಿಲ್ ಬೆರೆಸಿದ ಪೆಟ್ರೋಲ್ ಹಾಕಿ, ದಾರ ಜಗ್ಗಿ ಶುರು ಮಾಡಬೇಕು. ಅದು ಏಳುವಷ್ಟರಲ್ಲಿ ಜಗ್ಗಿದವನ ರಟ್ಟೆ ಬಿದ್ದಿರುತ್ತದೆ. ಆದರೆ ದಿನವಿಡೀ ಕೊಯ್ಯುತ್ತದೆ. ಬ್ಯಾಟರಿಯದು ಹಗುರ, ಹೊಗೆಯಿಲ್ಲ, ಗುಂಡಿ ಒತ್ತಿದರೆ ಸಾಕು. ದಪ್ಪ ಬೇವಿಗೆ ಹಚ್ಚಿದರೆ ಅರ್ಧ ತಾಸಿಗೆ ಸುಸ್ತು. ಗಿರಾಕಿಗಳಲ್ಲಿ ಹೆಂಗಸರು ಬ್ಯಾಟರಿ ಕೇಳುತ್ತಾರೆ, ಗಂಡಸರು ಪೆಟ್ರೋಲು. ಸದ್ದಾಗದಿದ್ದರೆ ಗಂಡಸರಿಗೆ ಕೆಲಸ ನಡೆದಿದೆ ಅನ್ನಿಸುವುದಿಲ್ಲ. ಮರ ಹತ್ತಿ ಕೊಯ್ಯುವ ನಮ್ಮ ಯಮನಪ್ಪ ಬ್ಯಾಟರಿಯದನ್ನು ಮೊದಲ ದಿನ ಕಂಡು, "ಇದೇನ್ ಯಕ್ಕಾ, ಗಡ್ಡಾ ಬೋಳ್ಸೋದು ತಂದಿ?" ಎಂದ.

ಇಳಕಲ್ಲಿನ ಶಾಂತವ್ವ ಸೀರೆ ನೇಯುವವಳು. ಅವಳ ಮಗ್ಗದ ಮನೆಯ ತಗಡಿನ ಮೇಲೆ ಬೇವಿನ ದೊಡ್ಡ ಟೊಂಗೆ ಚಾಚಿಕೊಂಡಿತ್ತು. ಗಾಳಿಗೆ ಅದರ ಬುಡ ಬಿರುಕು ಬಿಟ್ಟಿತ್ತು. ಒಳಗೆ ಮಗ್ಗದ ಮೇಲೆ ಅವಳ ಮಗಳ ಮದುವೆಯ ಸೀರೆ. ಸೆರಗಿನ ಎಳೆಗಳನ್ನು ಸೀರೆ ಮೈಯ ಎಳೆಗಳಿಗೆ ಒಂದೊಂದಾಗಿ ಸಿಕ್ಕಿಸಿ ಜೋಡಿಸುವುದು ಇಳಕಲ್ ಪದ್ಧತಿ. ಆ ಜೋಡಣೆ ಅರ್ಧಕ್ಕೆ ಬಂದಿತ್ತು. ಮದುವೆಗೆ ಉಳಿದದ್ದು ಎಂಟು ದಿನ. ಟೊಂಗೆ ಒಳಗೆ ಬಿದ್ದರೆ ಸೀರೆ ಹೋಯಿತು.

"ಪೆಟ್ರೋಲ್ ಮಷಿನ್ ನನ್ನ ಅಂಗಳಕ್ಕ ತರಬ್ಯಾಡ್ರಿ. ಹೊಗಿ ರೇಷ್ಮಿಗೆ ಹತ್ತತೈತಿ" ಎಂದಳು ಶಾಂತವ್ವ. ಆಗಲಿ ಎಂದೆ. ಆದರೂ ಪೆಟ್ರೋಲಿನದನ್ನು ಗೋಣಿಚೀಲದಲ್ಲಿ ಸುತ್ತಿ ಟಂಟಂ ಗಾಡಿಯಲ್ಲಿ ಇಟ್ಟುಕೊಂಡೇ ಹೋದೆ.

ಯಮನಪ್ಪ ಮರ ಹತ್ತಿದ. ನಮ್ಮ ಹಗ್ಗದ ಆಳು ಸಂಗಪ್ಪ, ಅವನ ತಮ್ಮ ಇಬ್ಬರೂ ಟೊಂಗೆಗೆ ಕಟ್ಟಿದ ಹಗ್ಗ ಹಿಡಿದು ಆಚೆ ಓಣಿಯಲ್ಲಿ ನಿಂತರು. ನಡುವೆ ಮನೆ, ಅವರಿಗೆ ಯಮನಪ್ಪ ಕೊಯ್ಯುವ ಜಾಗ ಕಾಣುತ್ತಿರಲಿಲ್ಲ. ಪೆಟ್ರೋಲ್ ಮಷಿನ್ ಗದ್ದಲದಲ್ಲಿ ಕೂಗಿದರೆ ಯಾರಿಗೂ ಕೇಳದು. ಕೊಯ್ಯುವವನು ನಡುವೆ ಕೈ ತಡೆದರೂ ಅದು ಗುರುಗುಡುತ್ತಲೇ ಇರುತ್ತದೆ. ಹಾಗಾಗಿ ನಮ್ಮಲ್ಲಿ ಒಂದೇ ಕಾನೂನು: ಮಷಿನ್ ಸದ್ದು ಪೂರಾ ನಿಂತರೆ ಕೊಯ್ದು ಮುಗಿಯಿತು, ಹಗ್ಗ ಎಳಿ. ಬ್ಯಾಟರಿಯದನ್ನು ಅಲ್ಲಿಯವರೆಗೆ ಜಾಲಿಗಿಡಕ್ಕಷ್ಟೇ ಬಳಸಿದ್ದೆವು. ಜಾಲಿಗೆ ಹಗ್ಗ ಬೇಕಿಲ್ಲ.

ಯಮನಪ್ಪ ಅರ್ಧ ಕೊಯ್ದು, ಬೆವರು ಒರೆಸಿಕೊಳ್ಳಲು ಗುಂಡಿಯಿಂದ ಬೆರಳು ತೆಗೆದ. ಬೆರಳು ತೆಗೆದರೆ ಅದು ಸತ್ತ ಹಾಗೆ ಸುಮ್ಮನಾಗುತ್ತದೆ.

ಆಚೆಯವರು ಎಳೆದರು.

ಟೊಂಗೆ ಬುಡದಲ್ಲಿ ಸೀಳಿ, ಹೊರಳಿ, ತಗಡಿನ ಅಂಚಿಗೆ ಒರಗಿ ನಿಂತಿತು. ಯಮನಪ್ಪ ಕಾಂಡವನ್ನು ತಬ್ಬಿಕೊಂಡಿದ್ದ. ಓಣಿಯಿಂದ ಸಂಗಪ್ಪನ ದನಿ ಬಂತು, ಹೊಗಳಿಕೆಗೆ ಕಾದ ದನಿ: "ಎಳದ್ವಿ ಯಕ್ಕಾ. ಬಿತ್ತೇನ?"

"ಬಿದ್ದಿಲ್ಲ. ಹಗ್ಗ ಸಡ್ಲ ಬಿಟ್ರ ನಿಮ್ಮನ್ನ ಕೆಡವ್ತೇನಿ. ಗಟ್ಟಿ ಹಿಡೀರಿ."

ಬ್ಯಾಟರಿ ಮಷಿನ್ ನಡೆಯುವಾಗ ಕೂಗಿದರೂ ಕೇಳುತ್ತದೆ ಎಂಬುದು ನಮ್ಮಲ್ಲಿ ಯಾರಿಗೂ ಹೊಳೆದಿರಲಿಲ್ಲ.

ಯಮನಪ್ಪ ಮತ್ತೆ ಗುಂಡಿ ಒತ್ತಿದ. "ಯಕ್ಕಾ, ಇದು ಕೆಂಪ್ ಕಣ್ಣ ಬಿಡಾಕತ್ತೈತಿ" ಎಂದ. ಚಾರ್ಜ್ ಮುಗಿದಿತ್ತು. ಇನ್ನೊಂದು ಬ್ಯಾಟರಿಯನ್ನು ಶಾಂತವ್ವನ ಮನೆಯಲ್ಲೇ ಚಾರ್ಜಿಗೆ ಹಾಕಿದ್ದೆ. ಮುಂಜಾನೆಯಿಂದ ಕರೆಂಟೇ ಇಲ್ಲ ಎಂದು ಆಗ ಗೊತ್ತಾಯಿತು.

ಕಿಟಕಿಯಲ್ಲಿ ಇಣುಕಿದೆ. ಶಾಂತವ್ವ ಎಳೆಗಳ ಮೇಲೆ ಕೌದಿ ಹೊದಿಸಿ ಅದರ ಅಂಚು ಹಿಡಿದು ಕೂತಿದ್ದಳು.

"ಹೊರಗ ಬಾ ಶಾಂತವ್ವ, ತಗಡ ತಲಿ ಮ್ಯಾಲ ಬಂದೀತು."

"ಜೋಡಿಸಿದ್ದು ಬಿಚ್ಚಿ ಹೋದ್ರ ಮದಿವಿಗೆ ನಿಮ್ಮ ಗೋಣಿಚೀಲ ಉಡಿಸ್ಲೇನ್ರಿ ಮಗಳಿಗೆ?"

"ಗೋಣಿಚೀಲದಾಗ ಪೆಟ್ರೋಲಿಂದು ಐತಿ."

"ಗೊತ್ತೈತ್ರಿ. ನೀವು ಬರೂಕಿಂತ ಮೊದ್ಲ ಅದರ ವಾಸನಿ ಬಂದಿತ್ತು. ಹಚ್ರಿ."

ಅವಳು ಬರುವುದಿಲ್ಲ ಎಂದು ತಿಳಿಯಿತು. ವಾದ ಮಾಡಿದರೆ ಹಗ್ಗದವರ ಕೈ ಸೋಲುತ್ತಿತ್ತು. ದಾರ ನಾನೇ ಜಗ್ಗಿದೆ. ಎಂಟನೆಯ ಸಲಕ್ಕೆ ಎದ್ದಿತು. ಅಷ್ಟೊತ್ತು ಇಣುಕಿಯೂ ನೋಡದ ಓಣಿಯ ಗಂಡಸರು ಸದ್ದು ಕೇಳಿ ಒಬ್ಬೊಬ್ಬರೇ ಹೊರಬಂದರು. ಒಬ್ಬ ಹಿರಿಯ ಟವೆಲ್ ಝಾಡಿಸಿ ಹೆಗಲಿಗೆ ಹಾಕಿಕೊಂಡು, "ಹಾಂ, ಈಗ ನೋಡ ಕೆಲಸ ಚಾಲೂ ಆತು" ಎಂದ. ಬಂದವರನ್ನೆಲ್ಲ ಆಚೆ ಓಣಿಗೆ ಕಳಿಸಿ ಹಗ್ಗ ಹಿಡಿಸಿದೆ. ಮನೆಯ ಮೂಲೆಯಲ್ಲಿ, ಎರಡೂ ಕಡೆ ಕಾಣುವ ಹಾಗೆ ನಾನು ನಿಂತೆ. ಸದ್ದು ನಿಂತರೂ ನನ್ನ ಕೈ ಮೇಲೇಳುವ ತನಕ ಯಾರೂ ಎಳೆಯಬಾರದು ಎಂದೆ. ಯಮನಪ್ಪ ಸಣ್ಣ ಹಗ್ಗ ಇಳಿಬಿಟ್ಟು ಮಷಿನ್ ಮೇಲೆಳೆದುಕೊಂಡು ಉಳಿದದ್ದನ್ನು ಕೊಯ್ದ, ನಾನು ಕೈ ಎತ್ತಿದೆ, ಟೊಂಗೆ ತಗಡನ್ನು ಸವರಿಕೊಂಡು ಓಣಿಗೆ ಬಿತ್ತು.

ಒಳಗೆ ಹೋದೆ. ಶಾಂತವ್ವ ಕೌದಿ ಎತ್ತಿ, ಮೂಗು ಹತ್ತಿರ ಒಯ್ದು ಎಳೆ ನೋಡಿದಳು. ಮೂರು ಹರಿದಿದ್ದವು. ಕೂತಲ್ಲೇ ಗಂಟು ಹಾಕಿದಳು. "ರೇಷ್ಮಿ ಪಾರಾತ್ರಿ, ಕೌದಿಗೆ ವಾಸನಿ ಹತ್ತೇತಿ. ಒಗದ ಕೊಟ್ಟು ಹೋಗ್ರಿ" ಎಂದಳು. ಒಗೆದು ಕೊಟ್ಟೆ.

ಯಾವ ಮಷಿನ್ ಛಲೋ ಎಂದು ಈಗಲೂ ಕೇಳುತ್ತಾರೆ. ಸಣ್ಣ ಕೆಲಸಕ್ಕೆ ಬ್ಯಾಟರಿ, ದೊಡ್ಡದಕ್ಕೆ ಪೆಟ್ರೋಲು ಎನ್ನುತ್ತೇನೆ. ಆ ದಿನ ತಪ್ಪಿದ್ದು ಎರಡೂ ಅಲ್ಲ, ನಾನು. ಆಳುಗಳಿಗೆ ಮಷಿನ್ ಮಾತು ಕೇಳಲು ಕಲಿಸಿದ್ದೆ. ಹುಕುಂ ಮನುಷ್ಯರಿಂದ ಬರಬೇಕು.

ಮರುದಿನ ಮುಂಜಾನೆ ಹುನಗುಂದದ ಬಸ್‌ಸ್ಟ್ಯಾಂಡಿನ ಅಂಗಡಿಗೆ ಹೋಗಿ ಒಂದು ಸೀಟಿ ಕೇಳಿದೆ. ಒಂದು ಊದಿದರೆ ನಿಲ್ಲು, ಎರಡು ಊದಿದರೆ ಎಳಿ ಎಂದು ಮನಸ್ಸಿನಲ್ಲಿ ಗೊತ್ತುಮಾಡಿಕೊಂಡು ಎರಡು ಊದಿದೆ. ಎದುರಿಗೆ ನಿಂತಿದ್ದ ಬಸ್ಸು ಕಂಡಕ್ಟರನನ್ನು ಚಹಾದಂಗಡಿಯಲ್ಲೇ ಬಿಟ್ಟು ಹೊರಟಿತು. ಒಂದು ಊದಿದೆ. ನಿಂತಿತು. ಸೀಟಿ ಸರಿಯಿದೆ ಎಂದು ದುಡ್ಡು ಕೊಟ್ಟು ಬಂದೆ.