ಹರೀಶ ಗುಲಾಬಿ ಕಿತ್ತದ್ದು

ಒಂದು ಕಾಲದಲ್ಲಿ ಅಂಕೋಲೆಯಲ್ಲಿ ಹರೀಶನ ವಿಡಿಯೋ ಕ್ಯಾಮೆರಾಕ್ಕೆ ಸಿಗದೆ ಮದುವೆಯಾದವರೆಂದರೆ ಓಡಿಹೋಗಿ ಮದುವೆಯಾದವರು ಮಾತ್ರ. ವಿಡಿಯೋದ ಮೇಲೆ ಚಿತ್ರ ಅಂಟಿಸುವ ಮಿಕ್ಸಿಂಗ್ ಮಷೀನು ತಂದ ಮೇಲಂತೂ ಅವನ ಕೈ ಸುಮ್ಮನಿರಲಿಲ್ಲ. ವಧುವಿನ ತಲೆಯ ಮೇಲೆ ಗಿಳಿ, ವರನ ಎದೆಯ ಮೇಲೆ ಮಿಡಿಯುವ ಹೃದಯ, ಊಟದ ಪಂಕ್ತಿಯ ಮೇಲೆ ನಕ್ಷತ್ರಗಳ ಮಳೆ. ನನ್ನ ಮದುವೆಯಲ್ಲಿ ತಾಳಿ ಕಟ್ಟುವ ಗಳಿಗೆಗೆ ಸರಿಯಾಗಿ ಎರಡು ಹಂಸಗಳು ಅಡ್ಡ ಈಜಿದವು. ನಾನು ತಾಳಿ ಕಟ್ಟಿದ್ದಕ್ಕೆ ನನ್ನ ಹೆಂಡತಿಯ ಬಾಯಿಮಾತು ಬಿಟ್ಟು ಬೇರೆ ಸಾಕ್ಷಿಯಿಲ್ಲ. ಆ ಸಿಟ್ಟು ನನಗಿನ್ನೂ ಇಳಿದಿಲ್ಲ.

ಈಗ ಜನ ಕೇಳುತ್ತಾರೆಂದು ಹರೀಶ ಆ ಹಳೆಯ ಮದುವೆ ಕ್ಯಾಸೆಟ್‌ಗಳನ್ನೇ ಕಂಪ್ಯೂಟರಿಗೆ ಹಾಕಿ, ತಾನು ಅಂಟಿಸಿದ್ದನ್ನು ತಾನೇ ಅಳಿಸುತ್ತ ಕೂತಿರುತ್ತಾನೆ. ಪಕ್ಕದಲ್ಲೇ ನನ್ನ ಝೆರಾಕ್ಸ್ ಅಂಗಡಿ. ಕರೆಂಟು ಹೋದಾಗಲೆಲ್ಲ ಅವನನ್ನು ಹಂಗಿಸಿ ಬರುವುದು ನನ್ನ ರೂಢಿ.

ಹೋದ ತಿಂಗಳು ಕೇಣಿಯ ಕಾಶಿ ಬಂದಳು. ಮಾರ್ಕೆಟಿನಲ್ಲಿ ಬಂಗಡೆ ಮೀನು ಮಾರುವವಳು. ಖಾಲಿ ಬುಟ್ಟಿಯೊಳಗಿಂದ ತನ್ನ ಮದುವೆಯ ಕ್ಯಾಸೆಟ್ ತೆಗೆದು ಮೇಜಿನ ಮೇಲೆ ಕುಕ್ಕಿದಳು.

"ನಮ್ಮ ಆಯಿ ಹೋಗಿ ಒಂದು ವರ್ಷ ಆಯ್ತು. ಅವಳು ನಗೂದು ಇದ್ರಲ್ಲಿ ಒಂದೇ ಕಡೆ ಇರೂದು. ಬಾಯಿ ತೆರೀತಾಳೆ, ಅಷ್ಟೊತ್ತಿಗೆ ನಿನ್ನ ದರಿದ್ರ ಗುಲಾಬಿ ಅರಳ್ತದೆ. ಅದನ್ನ ಕಿತ್ತು ತೆಗೂಕೆ ಆತದೋ ಇಲ್ವೋ?"

ಆತದೆ ಅಂದ ಹರೀಶ. ಅವಳು ಆಚೆ ಹೋದದ್ದೇ ತಲೆ ಮೇಲೆ ಕೈಹೊತ್ತು ಕೂತ.

"ಮಾರಾಯಾ, ಅವಳ ಅಮ್ಮ ನಾಗಕ್ಕ ನಕ್ಕಿದ್ದಲ್ಲ. ನಂಗೆ ಬಯ್ದಿದ್ದು. ಅದನ್ನ ಮುಚ್ಚೂಕೇ ಗುಲಾಬಿ ಹಾಕಿದ್ದೆ. ಮೇಲಿಂದ ಶಹನಾಯಿನೂ ಹಾಕಿದ್ದೆ."

ನನಗೆ ನಗು ತಡೆಯಲಾಗಲಿಲ್ಲ. ಅವನಿಗೆ ಅಳು ಬರುವುದೊಂದು ಬಾಕಿ.

ಮೊದಲ ದಿನ ಸಾಫ್ಟ್‌ವೇರ್ ಗುಲಾಬಿಯನ್ನೇನೋ ನುಂಗಿತು. ಆದರೆ ಖಾಲಿಯಾದ ಜಾಗಕ್ಕೆ ಪಕ್ಕದಲ್ಲಿ ಕೂತಿದ್ದ ನೆಂಟ ದುರ್ಗಪ್ಪ ಮಾಮನ ಮೀಸೆಯನ್ನು ತಂದು ನಾಗಕ್ಕನಿಗೆ ಹಚ್ಚಿಬಿಟ್ಟಿತು. ಸತ್ಯ ಹೇಳಬೇಕೆಂದರೆ ಆ ಮೀಸೆ ಅವಳಿಗೆ ಒಪ್ಪುತ್ತಿತ್ತು. ಹರೀಶ ಅದನ್ನು ಬಿಟ್ಟು ಕೈಕೆಲಸಕ್ಕಿಳಿದ. ಗುಲಾಬಿ ತಿರುಗುತ್ತ ಅರಳುವುದರಿಂದ ಎಸಳುಗಳ ಸಂದಿಯಲ್ಲಿ ಒಮ್ಮೆ ಕಣ್ಣು, ಒಮ್ಮೆ ಗದ್ದ ಕಾಣುತ್ತಿತ್ತು. ಒಂದೊಂದೇ ಚೂರು ಆರಿಸಿ ಜೋಡಿಸಿದ. ಎಂಟು ದಿನ ಹಿಡಿಯಿತು. ಕೊನೆಗೆ ನಾಗಕ್ಕ ಪೂರ್ತಿ ಎದ್ದು ಬಂದಳು: ಕೆಂಗಣ್ಣು, ಎತ್ತಿದ ಕೈ, ಇಷ್ಟಗಲ ತೆರೆದ ಬಾಯಿ.

"ಇದನ್ನ ತೋರ್ಸಿದ್ರೆ ಕಾಶಿ ಸತ್ತೇ ಹೋತಾಳೆ," ಅಂದ ಹರೀಶ. ಸಾಫ್ಟ್‌ವೇರಿನಲ್ಲಿ ನಗು ಬರಿಸುವ ಗುಂಡಿಯೂ ಇತ್ತು. ಒತ್ತಿದ. ನಾಗಕ್ಕ ಟೂತ್‌ಪೇಸ್ಟ್ ಜಾಹೀರಾತಿನವಳ ಹಾಗೆ ಹಲ್ಲು ಬಿಟ್ಟಳು.

ಕಾಶಿ ಬಂದು ನೋಡಿದಳು. ಮುಖ ಸಣ್ಣದಾಯಿತು.

"ಇದ್ಯಾರು? ನಮ್ಮ ಆಯಿಗೆ ಎದುರಿನ ಎರಡು ಹಲ್ಲೇ ಇರ್ಲಿಲ್ಲ. ಇವಳ್ನ ನಾ ಎಂತಕ್ಕೆ ಮನೆಗೆ ತಕಂಡು ಹೋಗ್ಲಿ?"

ಹರೀಶ ನನ್ನ ಕಡೆ ನೋಡಿದ. ನಾನು ಗೋಡೆ ನೋಡಿದೆ. ಬೇರೆ ದಾರಿಯಿಲ್ಲದೆ ನಾಗಕ್ಕನ ಅಸಲಿ ಮುಖವನ್ನೇ ಹಾಕಿದ.

ಕಾಶಿ ಬುಟ್ಟಿ ಕೆಳಗಿಟ್ಟಳು. ಪರದೆಯ ಹತ್ತಿರ ಹೋಗಿ ಇನ್ನೊಮ್ಮೆ ಹಾಕಿಸಿದಳು, ಮತ್ತೊಮ್ಮೆ ಹಾಕಿಸಿದಳು.

"ನಗೂದಲ್ಲ ಇದು," ಅಂದಳು. "ಯಾರಿಗೆ ಬಯ್ತಾ ಇದ್ದಾಳೆ?"

"ನಂಗೆ."

"ಎಂತ ಹೇಳಿದ್ಳು?"

ಶಹನಾಯಿಯ ಅಡಿಯಲ್ಲಿ ಹೂತುಹೋದ ಆ ಮಾತು ಈ ಭೂಮಿಯ ಮೇಲೆ ಉಳಿದಿದ್ದದ್ದು ಹರೀಶನ ತಲೆಯಲ್ಲಿ ಮಾತ್ರ. ಪಾಪ, ಎದ್ದು ನಿಂತ. ನಾಗಕ್ಕನ ಹಾಗೆಯೇ ಕೈ ಎತ್ತಿದ.

"ಏ ವಿಡಿಯೋದವ್ನೇ, ಆಚೆ ಸರಿಯೋ! ಬೆಳಗ್ಗಿಂದ ನಿನ್ನ ಕುಂಡಿನೇ ನೋಡ್ತಾ ಕೂತಿದ್ದೆ. ಒಂದೇ ಮಗಳು ನಂಗೆ. ಅವಳ ಮದ್ವೆ ನಾ ನೋಡ್ಬೇಕೋ ಬೇಡ್ವೋ?"

ಕಾಶಿ ಸೆರಗಿನಿಂದ ಕಣ್ಣೊರೆಸಿಕೊಂಡು ಸ್ಟೂಲ್ ಎಳೆದು ಕೂತಳು.

"ಅವಳು ಇಷ್ಟು ಮೆತ್ತಗೆ ಮಾತಾಡ್ತಾ ಇರ್ಲಿಲ್ಲ," ಅಂದಳು. "ಇನ್ನೊಂದ್ಸಲ ಬಯ್ಯಿ."