ಉಣ್ಣದೆ ಮಾತಾಡಿದವಳು

ಏಕಾಂತಮ್ಮ ನನ್ನ ತಂಗಿ. ನನ್ನನ್ನು ಮತ್ತೋಡಿಗೆ ಕೊಟ್ಟರು, ಅವಳನ್ನು ಹೊಳಲ್ಕೆರೆ ಕಡೆಯ ಗುಡ್ಡದ ಕೆಳಗಿನ ಊರಿಗೆ. ಅವಳ ಹೊಲದಲ್ಲಿ ಸೇವಂತಿಗೆ ಬಿಟ್ಟು ಬೇರೆ ಬೆಳೆ ನಾನು ಕಂಡದ್ದಿಲ್ಲ. ಬೆಳಗಿನ ಬಸ್ಸಿಗೆ ಹೂವಿನ ಚೀಲ ಹಾಕಿಕೊಂಡು ದುರ್ಗಕ್ಕೆ ಹೋಗಿ ಮಾರಿ, ಬಿಸಿಲೇರುವುದರೊಳಗೆ ಮತ್ತೆ ಗಿಡದ ಮುಂದೆ ಕೂತಿರುತ್ತಿದ್ದಳು.

ಅವಳದೊಂದು ಹಟ. ಒಬ್ಬರ ಮನೆಯಲ್ಲಿ ಉಂಡರೆ ಅವರ ಮೇಲೆ ಮಾತಾಡುವಂತಿಲ್ಲ. ಪಕ್ಕದ ಹೊಲದವರು ಮಗಳ ಮದುವೆಗೆ ಕರೆದು ಹೋಳಿಗೆ ಬಡಿಸಿ, ಆ ವಾರವೇ ಬದು ಒತ್ತಿ ಇವಳ ನೆಲ ಸೇರಿಸಿಕೊಂಡರು. ಇವಳು ಬಾಯಿ ಬಿಡಲಿಲ್ಲ. ನಾನು ಬೈದರೆ, "ಉಂಡ ಮನೆ ಜಂತೆ ಎಣಿಸ್ಬಾರ್ದು ಕಣಕ್ಕ. ಹೋಳಿಗೆ ಇನ್ನೂ ಹೊಟ್ಟೇಲೇ ಐತೆ, ಹೆಂಗೆ ಜಗಳಾಡ್ಲಿ?" ಅಂದಳು.

ಗುಡ್ಡದಲ್ಲಿ ಅದಿರಿನ ಗಣಿ ಮೊದಲಿಂದಲೂ ಇತ್ತು. ಲಾರಿ ಹೋಗುವುದು ಅವಳ ಹೊಲದ ಮಗ್ಗುಲಲ್ಲೇ. ಕೆಂಪು ದೂಳು ಕೂತ ಹೂವನ್ನು ಯಾರು ಮುಡಿಯುತ್ತಾರೆ? ಹೋದ ವರ್ಷ ಗಣಿ ಕಂಪನಿಯವರು ಆಟೋಗೆ ಮೈಕು ಕಟ್ಟಿ ಸಾರಿದರು: ಗಣಿ ದೊಡ್ಡದಾಗುತ್ತದೆ, ನೀರಿಗೆ, ಗಾಳಿಗೆ, ಬೆಳೆಗೆ ಏನಾಗುತ್ತದೆಂದು ವರದಿ ಬರೆದಿದ್ದೇವೆ, ಅಧಿಕಾರಿಗಳ ಮುಂದೆ ಸಭೆ ಮಾಡಿ ಊರವರ ಅಹವಾಲು ಕೇಳುತ್ತೇವೆ ಅಂತ. ವರದಿ ಪಂಚಾಯ್ತಿಯಲ್ಲಿತ್ತು. ಇಂಗ್ಲಿಷಿನದು ದಿಂಬಿನಷ್ಟು ದಪ್ಪ, ಕನ್ನಡದ್ದು ನಾಲ್ಕು ಹಾಳೆ.

ದುರ್ಗದಲ್ಲಿ ಅವಳ ಹೂವು ಕೊಳ್ಳುವ ಮುಜಾಹಿದ್ ಆಸ್ಟ್ರೇಲಿಯಾದ ಗಣಿಯೊಂದರಲ್ಲಿ ಯಂತ್ರ ರಿಪೇರಿ ಮಾಡಿ ಬಂದವನು. ನಾನೂ ಜೊತೆಗಿದ್ದೆ, ಅವನನ್ನು ಕೇಳಿದಳು.

"ಅಲ್ಲಿ ಹೆಂಗಪ್ಪ, ಊರೋರನ್ನ ಕೇಳ್ತಾರಾ?"

"ಕೇಳ್ತಾರಮ್ಮ. ವರದಿ ಅವರ ಭಾಷೇಲೇ ಇರುತ್ತೆ, ಓದಾಕೆ ಟೈಮು ಕೊಡ್ತಾರೆ. ಊರೋರು ಕೇಳಿದ್ದಕ್ಕೆಲ್ಲ ಕಂಪನಿಯೋರು ಬರೆದು ಉತ್ತರ ಕೊಡ್ಬೇಕು. ಆಮೇಲೇ ಗುದ್ದಲಿ."

"ಊಟ ಹಾಕ್ತಾರಾ?"

"ಊಟ ಎಲ್ಲಿ? ಚಾ, ಬಿಸ್ಕತ್ತು."

"ಅದಕ್ಕೇ ಆ ಜನ ಮಾತಾಡ್ತಾರೆ ಬಿಡು," ಅಂದಳು. ಅವನು ನಕ್ಕ. ಅವಳು ನಗಲಿಲ್ಲ.

ಸಭೆಯ ದಿನ ನಾನೂ ಹೋಗಿದ್ದೆ. ಶಾಮಿಯಾನ ಹಾಕಿದ್ದರು, ಪಾಯಸದ ವಾಸನೆ ಊರೆಲ್ಲ. ಬೆಳಿಗ್ಗೆ ಅಂದಿದ್ದ ಸಭೆ ಮಧ್ಯಾಹ್ನವಾದರೂ ಶುರುವಾಗಲಿಲ್ಲ, ಕಂಪನಿಯವರು ಎಲೆ ಹಾಕಿಸಿದರು. ಏಕಾಂತಮ್ಮ ಪಂಕ್ತಿಯ ಉದ್ದಕ್ಕೂ ಓಡಾಡಿದಳು. ಆ ರಸ್ತೆ ಬದಿಯಲ್ಲೇ ಹೂವು ಬೆಳೆಯುವ ಚಂದ್ರಕ್ಕನ ತೋಳು ಹಿಡಿದೆಳೆದಳು.

"ಏಳೇ! ತುತ್ತು ಒಳಗೆ ಹೋದ್ರೆ ಮಾತು ಹೊರಗೆ ಬರಾಕಿಲ್ಲ."

"ಊಟ ಬ್ಯಾರೆ, ನ್ಯಾಯ ಬ್ಯಾರೆ. ಹೆಂಗೂ ಓಡಾಡ್ತಿದೀಯ, ಒಂಚೂರು ಉಪ್ಪು ತಗಂಬಾ."

ಪಂಕ್ತಿಯೇ ನಕ್ಕಿತು. "ಅಕ್ಕ, ನೀನು ಉಣ್ಣು. ನಿಂಗೆ ಸಕ್ಕರೆ ಕಾಯ್ಲೆ, ಬಿದ್ದುಗಿದ್ದೀಯ" ಅಂತ ನನ್ನನ್ನು ಕೂರಿಸಿ ತಾನು ಕಂಬಕ್ಕೊರಗಿ ನಿಂತಳು.

ಅಧಿಕಾರಿಗಳು ಬಂದರು. ಹೆಸರು ಕೂಗಿದವರೆಲ್ಲ ಎದ್ದು, "ಏನೋ ಒಳ್ಳೇದು ಮಾಡ್ರಿ" ಎಂದು ಕೈ ಮುಗಿದು ಕೂತರು. ಚಂದ್ರಕ್ಕ ಮೈಕು ಹಿಡಿದು ಬಾಯಿ ತೆರೆದಳು. ಪಾಯಸ ಬಡಿಸಿದ ಕಂಪನಿಯವರು ಎದುರಿಗೇ ನಿಂತಿದ್ದರು. "ಊಟ ಚೆನ್ನಾಗಿತ್ರಿ" ಅಂದು ಕೂತುಬಿಟ್ಟಳು.

ಏಕಾಂತಮ್ಮ ಬರಿ ಹೊಟ್ಟೆಯಲ್ಲೇ ಕಂಬ ಬಿಟ್ಟು ಬಂದು ಮೈಕು ಹಿಡಿದಳು.

"ಗುಡ್ಡ ಬ್ಯಾಡ ಅಂದ್ರೂ ಅಗೀತೀರಿ, ಅಗೀರಿ. ಲಾರಿ ರಸ್ತೆ ಮಾತ್ರ ಗುಡ್ಡದ ಆಚೆ ಬಯಲಿಗೆ ಹಾಕ್ರಿ, ನಮ್ಮ ಹೂವು ಉಳೀತವೆ. ಹಾಕ್ತೀರೋ ಇಲ್ಲೋ, ಹೇಳ್ರಿ."

"ಬರ್ಕೊಂಡಿದ್ದೀವಮ್ಮ. ಉತ್ತರ ಮೇಲಿಂದ ಬರುತ್ತೆ," ಅಂದರು ಅಧಿಕಾರಿಗಳು.

ಉತ್ತರ ಬರಲಿಲ್ಲ, ಅನುಮತಿ ಬಂತು. ಲಾರಿಗಳು ಅದೇ ರಸ್ತೆಯಲ್ಲಿ ಹಗಲೆಲ್ಲ ಸಾಲುಗಟ್ಟಿದವು. ಈ ಸಲದ ಹೂವನ್ನು ತಕ್ಕಡಿಗೆ ಹಾಕುವ ಮುಂಚೆ ಮುಜಾಹಿದ್ ಕೊಡವಿದ. ಅವನ ಅಂಗೈ ಕೆಂಪಾಯಿತು.

"ಆ ದೇಶದಾಗೆ ಉತ್ತರ ಕೊಟ್ಮೇಲೆ ಗುಡ್ಡ ಉಳೀತೇನಪ್ಪ?" ಅಂತ ಏಕಾಂತಮ್ಮ ಕೇಳಿದಳು. ಅವತ್ತೂ ನಾನು ಜೊತೆಗಿದ್ದೆ.

"ಎಲ್ಲಿ ಉಳೀತಮ್ಮ? ನಾನು ಕೆಲ್ಸ ಮಾಡಿದ್ದೇ ಅಲ್ಲಿ. ಅಗೆದ್ರು." ಅಂಗೈ ಒರೆಸಿಕೊಳ್ಳುತ್ತ ಹೇಳಿದ: "ರಸ್ತೆ ಮಾತ್ರ ಊರು ಬಿಟ್ಟು ದೂರ ಹಾಕಿದ್ರು. ಊರೋರು ಕೇಳಿದ್ರು ಅಂತ."

ನನ್ನ ತಂಗಿ ನನ್ನ ಕಡೆ ತಿರುಗಿದಳು. "ನಾನೂ ಅಷ್ಟೇ ಕೇಳಿದ್ದಲ್ವೇನಕ್ಕ?"

ಊರಿಗೆ ಬಂದು ರಸ್ತೆ ಬದಿಯ ಸಾಲುಗಳನ್ನೆಲ್ಲ ಬುಡಸಮೇತ ಕಿತ್ತಳು. ಗಿಡ ಮೊಗ್ಗು ಬಿಟ್ಟಿದ್ದವು, ಮೊಗ್ಗಿನ ಮೇಲೂ ಕೆಂಪು ದೂಳು ಕೂತಿತ್ತು. ನಾನು ತಡೆಯಲಿಲ್ಲ.